ತಗಡಿನ ಕತ್ತಿಯ ಗಾಯ

ಹೊಸನಗರ
೯ ಮಾರ್ಚ್ ೨೦೨೪

ಮಗಳು ಕವನಾಳಿಗೆ ಅಪ್ಪಯ್ಯನ ತುಂಬು ಹರಕೆ.

ಹಪ್ಪಳದ ಜೊತೆ ನೀನು ಕಳಿಸಿದ ಕಾಗದ ಬಂದು ಹದಿನೆಂಟು ದಿನವಾಯಿತು. ತಡವಾಯಿತು, ಕ್ಷಮಿಸು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಫೋನ್ ಹಿಡಿದರೆ ಮೂರನೇ ಮನೆಗೂ ಕೇಳಿಸುತ್ತದೆ. ಇದು ಊರಿಗೆ ಕೇಳಿಸುವ ಮಾತಲ್ಲ.

ನಿನ್ನ ಮಗಳು, ಹದಿಮೂರರ ಭವ್ಯಾ, ಮೇಲ್ಗಿವಿಗೊಂದು ತೂತು ಬೇಕೆಂದು ಹಟ ಹಿಡಿದಿದ್ದಾಳೆ, ಯುಗಾದಿಗೆ ಮೊದಲು ತೀರ್ಥಹಳ್ಳಿಯಲ್ಲೇ ಚುಚ್ಚಿಸುತ್ತೇನೆ ಎಂದು ಬರೆದಿದ್ದೀಯ. "ಅವಳು ನನ್ನ ಹಾಗೆ ಕೆರ್ಕೊಳ್ಳೋಳಲ್ಲ ಬಿಡಿ" ಎಂದೂ ಬರೆದಿದ್ದೀಯ. ಅಂದು ಆ ಸಾಲನ್ನು ಸುಮ್ಮನೆ ದಾಟಿ ಹೋದೆ. ಈಗ ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. ನಿಲ್ಲಿಸು ಮಗಳೇ! ಆ ಸೂಜಿಯನ್ನು ನಿಲ್ಲಿಸು!

ನನ್ನ ಎದೆಯ ಮೇಲಿನ ಉಬ್ಬುಗಾಯ ನಿನಗೆ ಗೊತ್ತು. ಸೇನಾಪತಿಯ ಪಾತ್ರದಲ್ಲಿ ಕತ್ತಿ ತಾಗಿ, ನೆತ್ತರು ಸುರಿಯುತ್ತಿದ್ದರೂ ಕೊನೆಯ ಅಂಕದವರೆಗೆ ಕಾದಾಡಿದೆ ಎಂದು ಸಾವಿರ ಸಲ ಹೇಳಿದ್ದೇನೆ. ಕಳೆದ ಸೋಮವಾರ ಅದು ವಿಪರೀತ ತುರಿಸಿ, ಸಾಗರದ ಚರ್ಮದ ಡಾಕ್ಟರಮ್ಮನ ಬಳಿ ಹೋದೆ. ಅಲ್ಲೂ ಅದೇ ಕಥೆ ಶುರು ಮಾಡಿದೆ. ಬೆಂಚಿನಲ್ಲಿ ಕೂತವರೆಲ್ಲ ಎದ್ದು ಬಾಗಿಲಿಗೆ ಬಂದರು.

"ಕತ್ತಿ ಯಾವುದ್ರದ್ದು ಯಜಮಾನ್ರೆ?" ಡಾಕ್ಟರಮ್ಮ ಕೇಳಿದರು.

"ತಗಡಿಂದು."

ಜೊತೆಗೆ ಬಂದಿದ್ದ ನಿನ್ನಮ್ಮ ನಡುವೆ ಬಾಯಿ ಹಾಕಿದಳು: "ಕತ್ತಿನೂ ಇಲ್ಲ, ಗಿತ್ತಿನೂ ಇಲ್ಲ ಮೇಡಂ. ಮೊಡವೆ ಎದ್ದಿತ್ತು, ಚಿವುಟ್ಕೊಂಡ್ರು, ಅಷ್ಟೇಯ!"

ಪರದೆ ಬಿತ್ತು, ಮಗಳೇ! ನಲವತ್ತು ವರ್ಷದ ವೀರಗಾಯ ಒಂದು ಮೊಡವೆಯಾಯಿತು.

ಇದಕ್ಕೆ ಕೀಲಾಯ್ಡ್ ಎನ್ನುತ್ತಾರಂತೆ. ಕೆಲವರ ಚರ್ಮ ಗಾಯ ಮಾಯಿಸಲು ಹೊರಟರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಗಾಯದ ಗಡಿ ದಾಟಿ ಬೆಳೆಯುತ್ತದೆ. ಈ ಗುಣ ವಂಶದಲ್ಲಿ ಇಳಿದು ಬರಬಹುದು; ಎಲ್ಲ ಮಕ್ಕಳಿಗೂ ಬಂದೇ ಬರುತ್ತದೆಂದಲ್ಲ, ಅಪಾಯ ಹೆಚ್ಚು. "ನಮ್ಮ ಹುಡುಗಿಗೂ ಕಿವೀಲಿದೆ. ಕೆರ್ದು ಕೆರ್ದು ಮಾಡ್ಕೊಂಡಿದ್ದು" ಎಂದೆ. "ಗಂಟು ಇರೋದಕ್ಕೇ ತುರಿಸೋದು ಯಜಮಾನ್ರೆ. ಕೆರ್ದಿದ್ದಕ್ಕೆ ಗಂಟಾಗಿದ್ದಲ್ಲ" ಎಂದರು.

ಭವ್ಯಾ ಕೂಸಾಗಿದ್ದಾಗ ಕಿವಿ ಚುಚ್ಚಿದ್ದಕ್ಕೆ ಏನೂ ಆಗಲಿಲ್ಲವಲ್ಲ ಎಂದು ಧೈರ್ಯ ಮಾಡಬೇಡ. ಹನ್ನೊಂದು ದಾಟಿದ ಮೇಲೆ ಚುಚ್ಚಿದರೆ ಬರುವುದು ಜಾಸ್ತಿಯಂತೆ. ಹಚ್ಚೆಯೂ ಬೇಡ. ಮೊಡವೆ ಎದ್ದರೆ ಚಿವುಟದೆ ಬೇಗ ಔಷಧಿ ಹಚ್ಚಲಿ. ಗಾಯವಾದರೆ ತೊಳೆದು ಮುಚ್ಚಿಡು; ಮಾಯುವಾಗ ಉಬ್ಬುತ್ತಿದ್ದರೆ ತಕ್ಷಣ ತೋರಿಸು, ಸಿಲಿಕಾನ್ ಪಟ್ಟಿ, ಇಂಜೆಕ್ಷನ್ ಎಲ್ಲ ಇವೆಯಂತೆ. ಯಾವ ಆಪರೇಷನ್ ಬಂದರೂ ನಮ್ಮ ವಂಶದ ಸಂಗತಿ ಮೊದಲೇ ಹೇಳಿಬಿಡಿ. ನೀನೂ ಅಷ್ಟೇ, ಯಾರ ಮಾತನ್ನೋ ಕೇಳಿ ಗಂಟನ್ನು ಕೊಯ್ಯಿಸಿಕೊಳ್ಳಬೇಡ. ಬರೀ ಕೊಯ್ದು ಬಿಟ್ಟರೆ ದೊಡ್ಡದಾಗಿ ಮರಳುತ್ತದಂತೆ.

ಮೊಮ್ಮಗಳು ಮುನಿಸಿಕೊಂಡಾಳು. ಅದಕ್ಕೇ ಜೊತೆಗೊಂದು ಪೊಟ್ಟಣ ಇಟ್ಟಿದ್ದೇನೆ. ನಾಟಕದ ಪೆಟ್ಟಿಗೆಯಲ್ಲಿದ್ದ ಕ್ಲಿಪ್ಪಿನ ಓಲೆ. ತೂತು ಬೇಡ, ಕಿವಿಗೆ ಕಚ್ಚಿಸಿದರಾಯಿತು. ಸ್ತ್ರೀಪಾತ್ರದ ಸುಬ್ಬರಾಯ ಹಾಕುತ್ತಿದ್ದದ್ದು. ಅವನು ರಾಣಿಯಾಗಿ ರಂಗಕ್ಕೆ ಬಂದರೆ ಹೆಂಗಸರೇ ಕಣ್ಣರಳಿಸುತ್ತಿದ್ದರು!

ಮನೆಮಂದಿಯೆಲ್ಲ ಗಾಯವಿಲ್ಲದೆ ನೂರ್ಕಾಲ ಬಾಳಿ.

ನಿನ್ನ ಅಪ್ಪಯ್ಯ
ವಾಸಪ್ಪ

ಮತ್ತೆ: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನ ಹನ್ನೆರಡನೇ ವರ್ಷದಲ್ಲಿ ರಾಜಕುಮಾರಿಯ ಪಾತ್ರಕ್ಕೆಂದು ಮೇಲ್ಗಿವಿ ಚುಚ್ಚಿಸಿದವನು ನಾನು. ಈ ಓಲೆ ಆಗಲೂ ಪೆಟ್ಟಿಗೆಯಲ್ಲೇ ಇತ್ತು. ಗಂಟು ಎದ್ದಾಗ, "ಕೆರ್ಕೊಂಡು ಕಿವಿ ಹಾಳ್ಮಾಡ್ಕೊಂಡ್ಯಲ್ಲೇ" ಎಂದು ತಾಲೀಮಿನಲ್ಲಿ ಎಲ್ಲರೆದುರು ಹೊಡೆದು, ಪಾತ್ರವನ್ನು ಬೇರೆ ಹುಡುಗಿಗೆ ಕೊಟ್ಟೆ. ಅಂದಿನಿಂದ ನೀನು ಆ ಕಿವಿಯ ಮೇಲೆ ಕೂದಲು ಇಳಿಬಿಟ್ಟುಕೊಂಡೇ ಇದ್ದೀಯ. "ನಾನು ಮುಟ್ಟೇ ಇಲ್ಲ ಅಪ್ಪಯ್ಯ" ಎಂದು ಅತ್ತಿದ್ದೆ. ನಾನು ಕೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನನ್ನ ಮಾತನ್ನು ನೀನೇ ನಂಬಿಬಿಟ್ಟೆಯಲ್ಲ ಮಗಳೇ.

ಓಲೆ ಕೊಡುವಾಗ ಭವ್ಯಾಳಿಗೆ ಆ ಕಿವಿ ತೋರಿಸಿ ಹೇಳು: ಅಜ್ಜ ಹೇಳಿದ್ದು ಸುಳ್ಳು, ಅಮ್ಮ ಮುಟ್ಟಿರಲಿಲ್ಲ.