ಒಂದೂಕಾಲಿನ ಮೆಸೇಜು

ಮಾರ್ಚ್ 4, ಸೋಮವಾರ

ಒಂಬತ್ತು ಮಹಡಿಯ ಕಟ್ಟಡ, ಐದರಲ್ಲಿ ಲಿಫ್ಟ್ ಸಿಕ್ಕಿಕೊಂಡಿತ್ತು. ಒಳಗಿದ್ದ ವಕೀಲರು ನನ್ನ ವಂಶವನ್ನೆಲ್ಲ ಜಾಲಾಡಿದರು. ಇಪ್ಪತ್ತು ನಿಮಿಷದಲ್ಲಿ ಇಳಿಸಿದೆ. ಒಂದು ಥ್ಯಾಂಕ್ಸ್ ಇಲ್ಲ. ಮೇಲೆ ಮೆಷಿನ್ ರೂಮಿನಲ್ಲಿ ಡಬ್ಬಿ ಬಿಚ್ಚುವಷ್ಟರಲ್ಲಿ ತಂಗಿಯ ಮೆಸೇಜು — "ಅಣ್ಣ, ಊಟ ಆಯ್ತಾ?" ಒಂದೂಕಾಲು, ಒಂದು ನಿಮಿಷ ಆಚೀಚೆ ಇಲ್ಲ. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಜೊತೆಯ ಎಲೆಕ್ಟ್ರಿಷಿಯನ್‌ಗೆ ತೋರಿಸಿ ಜಂಬ ಕೊಚ್ಚಿಕೊಂಡೆ. "ಆಯ್ತು, ನಿಂದು?" ಎಂದು ಬರೆದೆ. "ಸರಿ ಅಣ್ಣ, ಹುಷಾರು" ಅಂತ ಬಂತು. ಮೊದಲಿನಿಂದಲೂ ಮಾತು ಕಡಿಮೆ.

ಮಾರ್ಚ್ 7

ಗಂಟಲಲ್ಲಿ ಗಂಟು. ಇಪ್ಪತ್ತಕ್ಕೆ ಆಪರೇಷನ್. "ದನಿ ಉಳಿಯತ್ತೆ ಅಂತ ಮಾತು ಕೊಡೋಕಾಗಲ್ಲ. ಮನೆಯವರನ್ನ ಕರ್ಕೊಂಡ್ ಬನ್ನಿ" ಅಂದರು ಡಾಕ್ಟರ್. ಮನೆಯವರು ಅಂದರೆ ತಂಗಿಯೊಬ್ಬಳೇ. ಫೋನ್ ಮಾಡಿದೆ, ಎತ್ತಲಿಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ ತಲೆ ಎತ್ತಲೂ ಪುರುಸೊತ್ತಿಲ್ಲ ಅವಳಿಗೆ. ಉದ್ದಕ್ಕೆ ಬರೆದು ಕಳಿಸಿದೆ.

"ಸರಿ ಅಣ್ಣ, ಹುಷಾರು."

ಅಷ್ಟೇನಾ... ಗಾಬರಿಯಾಗಿರಬೇಕು, ಪಾಪ.

ಮಾರ್ಚ್ 17, ಭಾನುವಾರ

ಹೇಳದೆ ಕೇಳದೆ ಅವಳ ಮನೆಗೇ ಹೋದೆ. ಬಸ್ಸಿನಲ್ಲಿ ಮೂರು ಗಂಟೆ. ದನಿ ಇರುವಾಗಲೇ ಎದುರಿಗೆ ಕೂತು ಮಾತಾಡಬೇಕಿತ್ತು.

ಬಾಗಿಲು ತೆಗೆದವಳ ಮುಖ ಅರಳಿತು. "ಎಷ್ಟು ಇಳಿದುಹೋಗಿದೀಯಲ್ಲಣ್ಣ! ಒಂದು ಮಾತು ತಿಳಿಸ್ಬಾರ್ದಿತ್ತಾ?"

ನಾನು ಬರೆದದ್ದರ ಸುದ್ದಿಯೇ ಇಲ್ಲ. ಬಡಿಸಿದಳು. ಪಾತ್ರೆ ತೊಳೆಯುತ್ತ ನಿಂತಳು, ಎರಡೂ ಕೈ ಸೋಪಿನ ನೊರೆಯಲ್ಲಿ. ನನ್ನ ಜೇಬು ಟಿಂಗ್ ಎಂದಿತು. "ಅಣ್ಣ, ಊಟ ಆಯ್ತಾ?"

ತಟ್ಟೆ ಮುಂದೆಯೇ ಇತ್ತು. ಫೋನನ್ನು ಅವಳ ಮುಖಕ್ಕೆ ಹಿಡಿದೆ.

"ಅಯ್ಯೋ... ಅದು ತಾನಾಗೇ ಹೋಗತ್ತೆ. ಉತ್ತರಾನೂ ಅದೇ ಕೊಡತ್ತೆ. ಆಫೀಸಲ್ಲಿ ಗಿರಾಕಿಗಳಿಗೆ ಆಟೋಮ್ಯಾಟಿಕ್ ಮೆಸೇಜ್ ಹಾಕ್ತೀವಲ್ಲ, ಅದರ ಜೊತೆ ನಿನ್ನ ನಂಬರೂ ಸೇರಿಸಿದ್ದೆ. ನಿಂಗೆ ಬೇಜಾರಾಗ್ಬಾರ್ದು ಅಂತ್ಲೇ ಅಣ್ಣ."

"ನಾನು ಬರೆದಿದ್ದು?"

"ಅದೆಲ್ಲ ಬೇರೆ ಕಡೆ ಹೋಗಿ ಬೀಳತ್ತೆ. ಬಿಡುವಾದಾಗ ನೋಡೋಣ ಅಂತ..."

ಗಿರಾಕಿ! ಎರಡು ವರ್ಷ ಯಂತ್ರದ ಜೊತೆ ಹರಟಿದ್ದೇನೆ. ಜ್ವರ ಬಂದಾಗ ಅದಕ್ಕೇ ಹೇಳಿದ್ದೇನೆ. ಅರ್ಧಕ್ಕೆ ಎದ್ದು ಕೈ ತೊಳೆದೆ. "ಏನಾಯ್ತು ಹೇಳಣ್ಣ" ಎಂದು ಗೇಟಿನವರೆಗೂ ಬಂದಳು.

"ಫೋನಲ್ಲಿದೆ, ಓದ್ಕೋ" ಅಂದೆ. ಗಂಟಿನ ವಿಷಯ ಬಾಯಿಬಿಡಲಿಲ್ಲ.

ಮಾರ್ಚ್ 20, ಬೆಳಿಗ್ಗೆ 9.40

ಹಸಿರು ಗೌನ್, ಹಿಂದೆ ದಾರ. ಲಿಫ್ಟ್ ರಿಪೇರಿಯವನನ್ನು ಅರ್ಧ ಗಂಟೆಯಲ್ಲಿ ಲಿಫ್ಟಿನಲ್ಲೇ ಕೆಳಗಿಳಿಸುತ್ತಾರಂತೆ. ಆಸ್ಪತ್ರೆಯ ಫಾರಂನಲ್ಲಿ 'ಮನೆಯವರು' ಅನ್ನುವ ಕಡೆ ಎಲೆಕ್ಟ್ರಿಷಿಯನ್ ಸಹಿ ಹಾಕಿದ.

ಫೋನ್ ಹೊಡೆದುಕೊಳ್ಳುತ್ತಿದೆ. ಅವಳೇ. ಏಳನೇ ಸಲ. ಕೊನೆಗೂ ಓದಿರಬೇಕು.

"ಎತ್ತಬಾರ್ದಾ?" ನರ್ಸ್ ಕೇಳಿದಳು.

"ರಾಂಗ್ ನಂಬರ್" ಅಂದೆ.

ಅಂದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಇನ್ನೂ ಚೆನ್ನಾಗಿದೆ. ಸ್ಟ್ರೆಚರ್ ಬಂತು. ಮತ್ತೆ ಹೊಡೆದುಕೊಳ್ಳುತ್ತಿದೆ. ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಬೈಯುವುದಕ್ಕಾದರೂ ಒಂದು ಸಲ —