ಕಿಟಕಿಯ ಮೇಲಿನ ಎರಡಕ್ಷರ

ಅಬ್ಬಾಗೆ ಆತಿಫಾಳ ಸಲಾಂ.

ಶಿಕಾರಿಪುರ ಬಿಟ್ಟು ಸೊರಬ ಕಡೆಯ ಈ ಹಳ್ಳಿ ಆಸ್ಪತ್ರೆಗೆ ಬಂದು ಮೂರು ವಾರ ಆಯ್ತು. ಟಿಬಿ ರೋಗಿಗಳು ಅರ್ಧಕ್ಕೇ ಮಾತ್ರೆ ಬಿಡುವುದೇಕೆಂದು ತಿಳಿಯುವುದು ನನ್ನ ಕೆಲಸ. "ಉದಾಸೀನ ಕಣಮ್ಮ, ಇನ್ನೇನು" ಅಂದರು ಎಲ್ಲರೂ. ನನಗೆ ನಂಬಿಕೆ ಬರಲಿಲ್ಲ. ವಾಚು, ನೋಟ್‌ಬುಕ್ ಹಿಡಿದು ಟಿಬಿ ಮಾತ್ರೆ ಕೊಡುವ ಕಿಟಕಿಯ ಹತ್ತಿರ ಕೂತೆ.

ಒಬ್ಬ ಹೆಂಗಸು (ಹೆಸರು ಬೇಡ, ಈ ಅಂಚೆ ಕಾರ್ಡನ್ನು ದಾರಿಯಲ್ಲಿ ಎಲ್ಲರೂ ಓದುತ್ತಾರೆ) ಒಂಬತ್ತಕ್ಕೇ ಬಂದು ಮರದಡಿ ಎರಡು ತಾಸು ನಿಂತರು. ಕಿಟಕಿಯ ಮುಂದೆ ಸಾಲೇನೂ ಇರಲಿಲ್ಲ. ಆದರೂ ಬಸ್ ಬಂದಾಗ ಮಾತ್ರೆ ತೆಗೆದುಕೊಳ್ಳದೆ ಹೊರಟರು. ನಾನೂ ಅದೇ ಬಸ್ ಹತ್ತಿದೆ. ಅವರ ಊರಲ್ಲಿ ಇಳಿದ ಮೇಲೆ ಮೆಲ್ಲಗೆ ಕೇಳಿದೆ.

"ಕಿಟಕಿ ಮೇಲೆ ಟಿಬಿ ಅಂತ ದೊಡ್ಡದಾಗಿ ಬರ್ದಾರೆ, ಎದುರಿಗೇ ಬಸ್ ಸ್ಟಾಪು. ಮಗಳಿಗೆ ಗಂಡು ನೋಡ್ತಾ ಇದೀವಿ. ಅಲ್ಲಿ ಹೆಂಗಮ್ಮ ನಿಲ್ಲೋದು?"

ಡಾಕ್ಟರಿಗೆ ಹೇಳಿದೆ. ಈಗ ಜ್ವರ, ಕೆಮ್ಮಿನ ಮಾತ್ರೆ ಕೊಡುವ ಕಿಟಕಿಯಲ್ಲೇ ಟಿಬಿ ಮಾತ್ರೆಯನ್ನೂ ಕೊಡುತ್ತಾರೆ. ಮಾತ್ರೆ ಬಿಟ್ಟಿದ್ದ ಹನ್ನೊಂದು ಜನರಲ್ಲಿ ನಾಲ್ವರು ನಿನ್ನೆ ಬಂದರು. ಅವರಲ್ಲಿ ಆಕೆಯೂ ಇದ್ದರು.

ನಾನು ಆರಾಮ, ಮಾಸ್ಕ್ ತಪ್ಪಿಸುವುದಿಲ್ಲ. ನೀವು ಬಿಪಿ ತೋರಿಸಿಕೊಳ್ಳಿ. ಉಳಿದ ಏಳು ಜನರಿಗೆ ಬೇರೆ ಏನೋ ಕಾರಣ ಇರಬೇಕು. ಕೇಳಲು ಹೊರಟಿದ್ದೇನೆ, ಬಸ್ ಬಂತು.

ಆತಿಫಾ