ತಳ ಹಾಕಿದ ರೈಲು

ಅಕ್ಕಾ,

ನಿನ್ನೆ ನನ್ನ ಮಗಳಿಗೆ ಆರು ತುಂಬಿತು. ನೀನು ತೀರಿಕೊಂಡ ಮೇಲೆ ಬಂದ ಮೊದಲ ಹುಟ್ಟುಹಬ್ಬ. ಮೊದಲೆಲ್ಲ ನೀನೇ ನಮ್ಮ ನಡುಮನೆಯಲ್ಲಿ ಒಂದು ವರ್ಷ ಕಾಡು, ಒಂದು ವರ್ಷ ಕಡಲು ಕಟ್ಟಿ ಮಕ್ಕಳನ್ನು ಆಡಿಸುತ್ತಿದ್ದೆ. ಈ ಸಲ ಅವಳು ರೈಲೇ ಬೇಕೆಂದು ಹಟ ಹಿಡಿದಳು.

ನಿನ್ನ ಅಟ್ಟದಲ್ಲಿ ರೈಲಿನ ಡಬ್ಬಿಗಳ ಹಾಗೆ ಬಣ್ಣ ಬಳಿದ ಏಳು ರಟ್ಟಿನ ಪೆಟ್ಟಿಗೆ ಸಿಕ್ಕವು. ಹೋದ ವರ್ಷದ ಹುಟ್ಟುಹಬ್ಬಕ್ಕೆಂದು ನೀನು ಮಾಡಿಟ್ಟಿದ್ದವು. ಆಗ ನಾನು, "ಈ ಸಲ ಹಾಲ್ ಬುಕ್ ಮಾಡಿದೀವಿ, ನಿನ್ನ ರಟ್ಟು ಗಿಟ್ಟು ತರಬೇಡ" ಅಂದಿದ್ದೆ. ನೀನು, "ಆಯ್ತು ಬಿಡೋ" ಅಂದೆ. ಅವತ್ತು ಬಂದು ಅತಿಥಿಯ ಹಾಗೆ ಕುರ್ಚಿಯಲ್ಲಿ ಕೂತು ಹೋದೆ.

ಪೆಟ್ಟಿಗೆಗಳಿಗೆ ತಳವೇ ಇರಲಿಲ್ಲ. ಗೋದಾಮಿನಲ್ಲಿ ದಿನವಿಡೀ ಪ್ಯಾಕಿಂಗ್ ಮಾಡುವ ನನ್ನ ಕೈ ಸುಮ್ಮನಿರುತ್ತದೆಯೇ? ಹೊಸ ರಟ್ಟು ಇಟ್ಟು, ಎರಡೆರಡು ಸುತ್ತು ಟೇಪ್ ಬಿಗಿದೆ. ಏಳು ಮಕ್ಕಳು ಹತ್ತಿ ಕೂತರು. ಸೀಟಿ ಊದಿದೆ. ರೈಲು ಅಲುಗಲಿಲ್ಲ. ಮಕ್ಕಳ ಕಾಲಿಗೆ ನೆಲ ಸಿಕ್ಕರೆ ತಾನೆ ಓಡುವುದು! ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಓಡಲೆಂದು ನೀನು ಹೊಲಿದಿದ್ದ ಪಟ್ಟಿಗಳು ಆಗ ನನ್ನ ಕಣ್ಣಿಗೆ ಬಿದ್ದವು.

"ಯಾಕೆ ಅಂಕಲ್ ಹೊರಡ್ತಿಲ್ಲ?" ಎಂದು ಪಕ್ಕದ ಮನೆಯ ಹುಡುಗಿ ಕೇಳಿದಳು.

ನಾನು ಬಾಯಿ ಬಿಡುವ ಮೊದಲೇ, ಎಂಜಿನ್ನಿನಲ್ಲಿ ಕೂತಿದ್ದ ನನ್ನ ಮಗಳು ಹೇಳಿದಳು: "ತಡಿ, ಅತ್ತೆ ಇನ್ನೂ ಹತ್ತಿಲ್ಲ."

ಮಕ್ಕಳೆಲ್ಲ ಕಾದು ಕೂತರು. ನಾನೂ ಸೀಟಿ ಹಿಡಿದುಕೊಂಡು ಬಾಗಿಲ ಕಡೆ ನೋಡಿದೆ.